ಕರಾವಳಿಯ ಮರಳಿನಲ್ಲಿ ಕಡಲಾಮೆಯ ಗೂಡು

ಕರ್ನಾಟಕದ ಕಡಲತೀರಗಳಿಗೆ ಮೊಟ್ಟೆಯಿಡಲು ಬರುವ ಆಮೆಗಳಲ್ಲಿ ಬಹುಪಾಲು ಆಲಿವ್ ರಿಡ್ಲೆ ಜಾತಿಯವು. ಬೂದು ಮಿಶ್ರಿತ ಹಸಿರು ಚಿಪ್ಪಿನ ಈ ಕಡಲಾಮೆ ಸುಮಾರು ಎರಡು ಅಡಿ ಉದ್ದ, 35ರಿಂದ 45 ಕಿಲೋ ತೂಕ ಬೆಳೆಯುತ್ತದೆ. ಒಡಿಶಾದ ಗಹಿರ್ಮಥಾ, ಋಷಿಕುಲ್ಯಾ ತೀರಗಳಲ್ಲಿ ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಆಮೆಗಳು ಒಟ್ಟಾಗಿ ದಡವೇರುತ್ತವೆ. ನಮ್ಮಲ್ಲಿ ಹಾಗಿಲ್ಲ. ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡು ಟೊಂಕ, ಕುಂದಾಪುರದ ಕೋಡಿ ಮುಂತಾದೆಡೆ ಅವು ಒಂಟಿಯಾಗಿ ರಾತ್ರಿ ಬಂದು ಹೋಗುತ್ತವೆ. 2024ರಲ್ಲಿ ಮಂಗಳೂರಿನ ಸುತ್ತಲಿನ ತೀರದಲ್ಲಿಯೂ ಗೂಡುಗಳು ಪತ್ತೆಯಾದವು.

ಅಲೆಗಳು ತಲುಪದ ಒಣ ಮರಳನ್ನು ಆರಿಸಿಕೊಂಡ ಹೆಣ್ಣಾಮೆ ಹಿಂಗಾಲುಗಳಿಂದ ಸುಮಾರು ಒಂದೂವರೆ ಅಡಿ ಆಳದ ಕುಳಿ ತೋಡಿ, ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಮರಳುತ್ತದೆ. ಮತ್ತೆ ಅದು ಗೂಡಿನತ್ತ ತಿರುಗಿ ನೋಡುವುದಿಲ್ಲ. ಮರಳಿನ ಕಾವಿನಲ್ಲಿಯೇ 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದೂ ಆ ಕಾವೇ: ಬಿಸಿ ಹೆಚ್ಚಿದಷ್ಟೂ ಹೆಣ್ಣುಮರಿಗಳು ಹೆಚ್ಚು.

ಬೆಳಗಿನ ಜಾವ ಮರಳಿನ ಮೇಲೆ ಆಮೆಯ ಜಾಡನ್ನು ಮೊದಲು ಗುರುತಿಸುವವರು ಸಾಮಾನ್ಯವಾಗಿ ಮೀನುಗಾರರು. ಕೂರ್ಮಾವತಾರವೆಂದು ಭಾವಿಸಿ, ಬಲೆಗೆ ಸಿಕ್ಕ ಆಮೆಯನ್ನು ಕೈಮುಗಿದು ನೀರಿಗೆ ಬಿಡುವ ರೂಢಿ ಅವರಲ್ಲಿದೆ. ಮೊಟ್ಟೆಗಳನ್ನು ಅಗೆದು ಒಯ್ಯುತ್ತಿದ್ದ ಕಾಲವೂ ಇತ್ತೆಂಬುದನ್ನು ಮರೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಈ ಆಮೆಗೆ ರಕ್ಷಣೆಯಿದೆ. ಅರಣ್ಯ ಇಲಾಖೆಯು ಗೂಡುಗಳಿಗೆ ಬೇಲಿ ಹಾಕಿಸುತ್ತದೆ. ಅಲೆಯ ಅಪಾಯವಿದ್ದರೆ ಮೊಟ್ಟೆಗಳನ್ನು ಸುರಕ್ಷಿತ ಸ್ಥಳಕ್ಕೆ ಒಯ್ಯಲಾಗುತ್ತದೆ. ಇದನ್ನು ಮೊಟ್ಟೆಯಿಟ್ಟ ಕೆಲವೇ ಗಂಟೆಗಳೊಳಗೆ, ಮೊಟ್ಟೆ ಹೊರಳದಂತೆ ಮಾಡಬೇಕು. ತಡವಾದರೆ ಒಳಗಿನ ಭ್ರೂಣ ಸಾಯುತ್ತದೆ.

ಆದರೆ ಬೇಲಿ ಕಾಯುವುದು ಗೂಡನ್ನು ಮಾತ್ರ. ರಾಜ್ಯದಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದು ಜೂನ್, ಜುಲೈ ತಿಂಗಳಲ್ಲಿ, ಮೀನುಗಳ ಸಂತಾನೋತ್ಪತ್ತಿಗಾಗಿ. ಆಮೆಗಳು ದಡಕ್ಕೆ ಬರುವುದು ಮುಖ್ಯವಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಟ್ರಾಲರ್‌ಗಳು ಸಮುದ್ರ ತುಂಬಿರುವಾಗ. ಉಸಿರಾಡಲು ಮೇಲೆ ಬರಬೇಕಾದ ಪ್ರಾಣಿ ಬಲೆಯೊಳಗೆ ಸಿಲುಕಿದರೆ ಮುಳುಗಿ ಸಾಯುತ್ತದೆ.

ದಡದಲ್ಲಿಯೂ ಸಂಕಟವಿದೆ. ಕಡಲ್ಕೊರೆತ ತಡೆಯಲು ಪೇರಿಸಿದ ಕಲ್ಲುಗಳನ್ನು ಆಮೆ ಹತ್ತಲಾರದು. ಹೊಳೆಯುವ ಕಡಲಿನತ್ತ ಸಾಗಬೇಕಾದ ಮರಿಗಳು ರಸ್ತೆ, ರೆಸಾರ್ಟ್‌ಗಳ ದೀಪಗಳತ್ತ ತೆವಳಿ ದಾರಿ ತಪ್ಪುತ್ತವೆ. ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯನ್ನು ವಿರೋಧಿಸಿದ ಮೀನುಗಾರರು ತಮ್ಮ ಜೀವನೋಪಾಯದ ಜೊತೆಗೆ ಆಮೆಯ ಗೂಡುಗಳನ್ನೂ ಮುಂದಿಟ್ಟರು. 2022ರ ವೇಳೆಗೆ ಆ ವಿವಾದ ಹೈಕೋರ್ಟ್ ಮೆಟ್ಟಿಲೇರಿತ್ತು.