ಟಿಪ್ಪುವಿನ ಸಿಪಾಯಿಗೆ ಯಾವ ಬಣ್ಣ ಹಚ್ಚೋದು?

ಹುಣಸೂರು, ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ನವರಾತ್ರಿಗೆ ಗೊಂಬೆ ಕೂರಿಸೋದನ್ನ ನೀವು ನೋಡಿರ್ತೀರಿ. ಮೇಲೆ ಪಟ್ಟದ ಗೊಂಬೆ, ಕೆಳಗೆ ಜಂಬೂಸವಾರಿ: ಅಂಬಾರಿ ಹೊತ್ತ ಆನೆ, ಕುದುರೆ, ಸಾಲಾಗಿ ಸಿಪಾಯಿಗಳು. ಈ ಸಿಪಾಯಿಗಳನ್ನೇ ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ದಾಳ ಹಾಕಿ, ಟೇಪ್ ಹಿಡಿದು ದೂರ ಅಳೆದು ಯುದ್ಧ ಆಡಿದ್ರೆ ಅದು ಟೇಬಲ್‌ಟಾಪ್ ವಾರ್‌ಗೇಮ್. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಅಂತ ಇಂಥ ಆಟದ ನಿಯಮಗಳಿಗೇ ಒಂದು ಪುಸ್ತಕ ಬರೆದ. ಈಗ ಹೆಚ್ಚು ಬಳಕೆಯಲ್ಲಿರೋ ಮಿನಿಯೇಚರ್ ಸುಮಾರು 28 ಮಿಲಿಮೀಟರ್ ಎತ್ತರ. ಸಾಮಾನ್ಯವಾಗಿ ಬಣ್ಣ ಇಲ್ಲದೆ ಬರುತ್ತೆ, ಆಡೋರೇ ಹಚ್ಚಿಕೊಳ್ಳಬೇಕು.

ಅದರಲ್ಲಿ ಮೈಸೂರು ಸೈನ್ಯದ ಗೊಂಬೆಗಳೂ ಸಿಗುತ್ತವೆ. ಅವನ್ನ ಇಟ್ಟುಕೊಂಡು ಆಡೋಕೆ ನಮ್ಮೂರ ಪಕ್ಕದಲ್ಲೇ ಒಂದು ಕದನ ಇದೆ, ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. 1799ರ ಮಾರ್ಚ್. ಬಾಂಬೆ ಸೈನ್ಯ ಜನರಲ್ ಸ್ಟುವರ್ಟ್ ಕೈಕೆಳಗೆ ಕೊಡಗಿನ ಮೂಲಕ ಶ್ರೀರಂಗಪಟ್ಟಣದ ಕಡೆ ಬರ್ತಾ ಇತ್ತು. ಅದರ ಮುಂಚೂಣಿ ತುಕಡಿ ಗಡಿಯ ಸಿದ್ದೇಶ್ವರ ಬೆಟ್ಟದಲ್ಲಿ. ಬ್ರಿಟಿಷರ ಬಾಯಲ್ಲಿ ಅದು 'ಸೀದಾಸೀರ್'. ಮಾರ್ಚ್ 5ರಂದು ಬೆಟ್ಟದಿಂದ ನೋಡಿದ್ರೆ ಪಿರಿಯಾಪಟ್ಟಣದ ಈಚೆ ಡೇರೆಗಳು ಏಳ್ತಾ ಇವೆ. ಸಂಜೆ ಹೊತ್ತಿಗೆ ಎಣಿಸಿದ್ರೆ ಮುನ್ನೂರು ನಾನೂರು. ನಡುವೆ ಒಂದು ಮಾತ್ರ ಹಸಿರು, ಉಳಿದವಕ್ಕಿಂತ ದೊಡ್ಡದು. ಸುಲ್ತಾನ ಖುದ್ದಾಗಿ ಬಂದಿದ್ದಾನೆ ಅಂತ ಅದರಿಂದಲೇ ಅಂದಾಜು ಮಾಡಿದ್ರು.

ಮಾರನೇ ದಿನ ಬೆಳಗ್ಗೆ ಟಿಪ್ಪುವಿನ ಪಡೆ ಕಾಡಿನೊಳಗಿಂದ ನುಗ್ಗಿ ಹಿಂದೆ ಮುಂದೆ ಎರಡೂ ಕಡೆಯಿಂದ ಹೊಡೀತು. ಕರ್ನಲ್ ಮಾಂಟ್ರೆಸರ್ ಕೈಯಲ್ಲಿದ್ದದ್ದು ಮೂರು ದೇಶೀ ಸಿಪಾಯಿ ಬೆಟಾಲಿಯನ್. ಮಧ್ಯಾಹ್ನ ಸ್ಟುವರ್ಟ್ ಗೋರಾ ಪಲ್ಟನ್ ಕರಕೊಂಡು ಬರೋವರೆಗೂ ಅವರೇ ತಡೆದು ನಿಂತ್ರು. ಟಿಪ್ಪು ಹಿಂದೆ ಸರಿದ. ಎರಡು ತಿಂಗಳೊಳಗೆ, ಮೇ 4ಕ್ಕೆ, ಶ್ರೀರಂಗಪಟ್ಟಣ ಬಿತ್ತು.

ಈಗ ಬಣ್ಣಕ್ಕೆ ಬರೋಣ. ಮೈಸೂರು ಸಿಪಾಯಿ ಏನು ತೊಟ್ಟಿದ್ದ? ಸುಲಭಕ್ಕೆ ಸಿಗೋ ಉತ್ತರ ದರಿಯಾ ದೌಲತ್ ಗೋಡೆ. 1780ರ ಪೊಲ್ಲಿಲೂರು ಗೆಲುವು ಅಲ್ಲಿ ಉದ್ದಕ್ಕೂ ಇದೆ, ಪಲ್ಲಕ್ಕಿಯಲ್ಲಿ ಕೂತ ಬೈಲಿ ಸಮೇತ. ಆದರೆ ನಾವು ನೋಡ್ತಿರೋದು ಟಿಪ್ಪು ಬರೆಸಿದ ಬಣ್ಣ ಅಲ್ಲ. ಡಾಲ್‌ಹೌಸಿ 1855ರಲ್ಲಿ ಮತ್ತೆ ಬರೆಸಿದ್ದು. ಇನ್ನೊಂದು ಆಧಾರ ಎಡ್ವರ್ಡ್ ಮೂರ್. ಮರಾಠರ ಜೊತೆಗಿದ್ದ ಕಂಪನಿ ತುಕಡಿಯ ಅಧಿಕಾರಿ, 1794ರಲ್ಲಿ ಪುಸ್ತಕ ತಂದವನು. ಅವನ ಪ್ರಕಾರ ನೇರಳೆ ಉಣ್ಣೆ ಅಂಗಿ, ಅದರ ಮೇಲೆ ವಜ್ರಾಕಾರದ ಬಿಳಿ ಚುಕ್ಕಿ, ಹೆಸರು ಮಾತ್ರ 'ಹುಲಿ ಅಂಗಿ'. ಕೆಂಪು ಮುಂಡಾಸು, ಸೊಂಟಕ್ಕೂ ಕೆಂಪು ಪಟ್ಟಿ, ಬರಿಗಾಲಿಗೆ ಚಪ್ಪಲಿ. ಅಂದ್ರೆ ನಮ್ಮ ಸಿಪಾಯಿಯ ಬಣ್ಣ ನಮಗೆ ಸಿಗೋದು ಎದುರಾಳಿ ಪಾಳಯದ ನೋಟ್‌ಬುಕ್‌ನಲ್ಲಿ. ಬೇಜಾರಾಗುತ್ತೆ, ಆದ್ರೂ ನಾನು ಗೋಡೆಗಿಂತ ಮೂರ್‌ನನ್ನೇ ನಂಬ್ತೀನಿ. ಅವನು ಅವರನ್ನ ಕಣ್ಣಾರೆ ಕಂಡ ಕಾಲದವನು.

ನೇರಳೆ ಹಚ್ಚಿದ ಮಾತ್ರಕ್ಕೆ ಮುಗೀಲಿಲ್ಲ. ಇಷ್ಟು ಚಿಕ್ಕ ಗೊಂಬೆ ಮೇಲೆ ಕೋಣೆಯ ಬೆಳಕು ನೆರಳು ಮಾಡೋದು ಸಾಲದು, ದೂರದಿಂದ ಒಂದೇ ಮುದ್ದೆ ತರ ಕಾಣುತ್ತೆ. ಹಾಗಾಗಿ ಬೆಳಕನ್ನೂ ಬ್ರಷ್‌ನಲ್ಲೇ ಬರೀಬೇಕು. ಮೊದಲು ಪ್ರೈಮರ್, ಮೇಲೆ ನೇರಳೆ. ಆಮೇಲೆ ತೆಳ್ಳಗಿನ ಗಾಢ ಬಣ್ಣ ಬಿಟ್ಟರೆ ಅದು ಮಡಿಕೆಗಳ ತಗ್ಗಿಗೆ ಇಳಿದು ನೆರಳಾಗುತ್ತೆ. ಕೊನೆಗೆ ಅದೇ ನೇರಳೆಯನ್ನ ತಿಳಿ ಮಾಡಿಕೊಂಡು ಉಬ್ಬಿದ ಕಡೆ ಮಾತ್ರ, ಭುಜ, ತೋಳಿನ ಮಡಿಕೆ, ಮುಂಡಾಸಿನ ಸುತ್ತು. ಇದಕ್ಕೆ ಹೈಲೈಟ್ ಅಂತಾರೆ. ಬಿಳಿ ಚುಕ್ಕಿಗಳನ್ನ ಇದಾದ ಮೇಲೆ ಇಡಿ. ಮೊದಲೇ ಇಟ್ಟರೆ ಗಾಢ ಬಣ್ಣ ಹರಿದು ಚುಕ್ಕಿ ಮಾಸುತ್ತೆ, ಮತ್ತೆ ಮೊದಲಿಂದ ಕೂರಬೇಕು.

ಮುಖದ ಹತ್ರ ಜಾಗ್ರತೆ. ತಿಳಿ ಮಾಡೋಕೆ ಬಿಳಿ ಬೆರೆಸೋದು ಎಲ್ಲರಿಗೂ ಮೊದಲು ಹೊಳೆಯೋ ದಾರಿ. ನಮ್ಮ ಮೈಬಣ್ಣಕ್ಕೆ ಅದನ್ನ ಮಾಡಿದ್ರೆ ಬೂದಿ ಬಳಿದ ಹಾಗಾಗುತ್ತೆ, ಸಿಪಾಯಿ ಕಾಯಿಲೆಯವನ ತರ ಕಾಣ್ತಾನೆ. ಕಂದು ಬಣ್ಣಕ್ಕೆ ಕಾವಿ ಹಳದಿ, ಚೂರು ಕಿತ್ತಳೆ ಸೇರಿಸಿ ಮೂಗು, ಕೆನ್ನೆ ಮೇಲೆ ಮುಟ್ಟಿಸಿ. ಬಿಸಿಲಲ್ಲಿ ನಿಂತ ನಮ್ಮ ರೈತನ ಮುಖ ಬರುತ್ತೆ.

ಮತ್ತೆ ಅದೇ ಬಟ್ಟಲನ್ನ ಆಚೆ ಕಡೆಗೂ ಇಟ್ಟುಕೊಳ್ಳಿ. ಮಾಂಟ್ರೆಸರ್‌ನ ಮೂರು ಬೆಟಾಲಿಯನ್‌ಗಳ ಕೋಟು ಕೆಂಪು, ಒಳಗಿನ ಮೈ ಇದೇ ಕಂದು. ಸಿದ್ದೇಶ್ವರದ ಆ ಬೆಳಗ್ಗೆ ಮೇಜಿನ ಎರಡೂ ಬದಿಗೆ ಹೆಚ್ಚುಕಮ್ಮಿ ಒಂದೇ ಮುಖಗಳು. ಇಂಗ್ಲೆಂಡಿನ ಬಿಳಿ ಮುಖ ಬೇಕಾಗೋದು ಬೆರಳೆಣಿಕೆಯ ಅಧಿಕಾರಿಗಳಿಗೆ, ಆಮೇಲೆ ಮಧ್ಯಾಹ್ನ ಬರೋ ಸ್ಟುವರ್ಟ್ ಪಲ್ಟನ್‌ಗೆ.

ಡೇರೆಗಳಿಗೆ ಹಳೇ ಹತ್ತಿ ಬಟ್ಟೆ, ಫೆವಿಕಾಲ್ ಸಾಕು. ಮುನ್ನೂರು ಮಾಡಕ್ಕಾಗಲ್ಲ, ಹತ್ತು ಮಾಡಿ. ಒಂದನ್ನ ದೊಡ್ಡದಾಗಿ ಕತ್ತರಿಸಿ ಹಸಿರು ಹಚ್ಚಿ, ಬೆಟ್ಟದ ಕಡೆಯಿಂದ ಕಾಣೋ ಹಾಗಿಡಿ. ಮುಂದಿನ ವಾರ ಸಿಗೋಣ.