ಹೈದರಾಬಾದಿನ ಕ್ಲೋರೋಫಾರ್ಮ್ ಮಂಡಲಿಗಳು: ಒಂದು ವಿಮರ್ಶೆ

ಗ್ರಂಥದ ಪಾಠವು ಶುದ್ಧವಾಗಿದ್ದರೂ ವ್ಯಾಖ್ಯಾನವು ತಪ್ಪಿದರೆ ಅರ್ಥವು ಕೆಡುವುದೆಂಬುದು ವಿದ್ವಾಂಸರಿಗೆ ವಿದಿತವೇ. ವೈದ್ಯಶಾಸ್ತ್ರದ ಚರಿತ್ರೆಯಲ್ಲಿಯೂ ಇಂತಹುದೊಂದು ನಿದರ್ಶನವುಂಟು. ಅದು ನಡೆದುದು ಕಲಬುರಗಿ, ರಾಯಚೂರು, ಬೀದರುಗಳನ್ನೊಳಗೊಂಡಿದ್ದ ನಿಜಾಮ ಸಂಸ್ಥಾನದ ರಾಜಧಾನಿಯಲ್ಲಿ.

1847ರಲ್ಲಿ ಎಡಿನ್‌ಬರೋ ನಗರದ ಸಿಂಪ್ಸನ್ ಎಂಬ ವೈದ್ಯನು ಕ್ಲೋರೋಫಾರ್ಮನ್ನು ಸಂಜ್ಞಾಹರಣಕ್ಕೆ, ಎಂದರೆ ಅರಿವಳಿಕೆಗೆ, ಬಳಕೆಗೆ ತಂದನು. ಮರುವರ್ಷವೇ ಅದರಿಂದ ಮರಣವೂ ಸಂಭವಿಸಿತು. ಮೊದಲು ನಿಲ್ಲುವುದು ಹೃದಯವೋ ಶ್ವಾಸವೋ ಎಂಬ ವಿವಾದವು ಹುಟ್ಟಿತು. ಲಂಡನ್ನಿನ ಜಾನ್ ಸ್ನೋ ಹೃದಯವೆಂದನು. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಯು ತನ್ನ ಗುರು ಸೈಮನ ಮತವನ್ನನುಸರಿಸಿ ಶ್ವಾಸವೆಂದನು. ಉಸಿರನ್ನು ಕಾದರೆ ಸಾಕೆಂದು ಬೋಧಿಸಿದನು.

1888ರ ಮೊದಲನೆಯ ಮಂಡಲಿಯ ನಿರ್ಣಯವನ್ನು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯು ಸಂದೇಹಿಸಲು, ನಿಜಾಮ ಸರಕಾರವು 1000 ಪೌಂಡುಗಳನ್ನು ಕೊಟ್ಟು 1889ರಲ್ಲಿ ಲಾಡರ್ ಬ್ರಂಟನ್ ಎಂಬ ಶಾಸ್ತ್ರಜ್ಞನನ್ನು ಕರೆಯಿಸಿತು. ಎರಡನೆಯ ಮಂಡಲಿಯು ನೂರಾರು ಪ್ರಾಣಿಗಳನ್ನು, ಬಹುಮಟ್ಟಿಗೆ ನಾಯಿಗಳನ್ನು, ಪರೀಕ್ಷಿಸಿತು. ರಕ್ತನಾಳಕ್ಕೆ ಜೋಡಿಸಿದ ಮಾಪಕವು ತಿರುಗುವ ಉರುಳೆಯ ಮೇಲೆ ರಕ್ತದ ಒತ್ತಡದ ರೇಖೆಯನ್ನೆಳೆಯುತ್ತಿತ್ತು. ಆವಿಯು ಹೆಚ್ಚಿದಂತೆ ರೇಖೆಯು ಇಳಿಯಿತು. ಇದು ಪಾಠ, ಇದರಲ್ಲಿ ದೋಷವಿಲ್ಲ.

ದೋಷವಿದ್ದುದು ವ್ಯಾಖ್ಯಾನದಲ್ಲಿ. ಈ ಇಳಿತವು ಅಪಾಯವಲ್ಲ, ವಿಷವು ಮಿದುಳನ್ನು ಬೇಗ ಮುಟ್ಟದಂತೆ ತಡೆಯುವ ರಕ್ಷೆಯೇ ಎಂದು ಲಾರಿಯ ಪಕ್ಷದವರು ವಾದಿಸಿದರು. 1893ರಲ್ಲಿ ಗ್ಯಾಸ್ಕೆಲ್ ಮತ್ತು ಶೋರ್ ಎಂಬವರು ಕ್ಲೋರೋಫಾರ್ಮು ಹೃದಯವನ್ನೇ ನೇರವಾಗಿ ಕುಗ್ಗಿಸುವುದೆಂದು ತೋರಿಸಿದರು. 1911ರಲ್ಲಿ ಲೆವಿಯು, ಲಘುವಾದ ಸಂಜ್ಞಾಹರಣದಲ್ಲಿಯೇ ಬೆಕ್ಕುಗಳ ಹೃದಯವು ಥಟ್ಟನೆ ಅದುರಿ ನಿಲ್ಲಬಹುದೆಂದು ಸಿದ್ಧಪಡಿಸಿದನು. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಲಾರಿಯ ವ್ಯಾಪ್ತಿಗೆ ಗಾಢಮೂರ್ಛೆಯೆಂಬ ಉಪಾಧಿಯಿದ್ದಿತು. ಲಘುಮೂರ್ಛೆಯಲ್ಲಿ ವ್ಯಭಿಚಾರವು ಕಂಡುಬಂದಿತು.

ಇಂದಿನ ಪಶುವೈದ್ಯರು ಮೂರ್ಛೆಗೊಂಡ ನಾಯಿಯ ಸರಾಸರಿ ಒತ್ತಡವು ಪಾದರಸದ 60 ಮಿಲಿಮೀಟರಿಗಿಂತ ಕೆಳಗಿಳಿದರೆ, ಮೂತ್ರಪಿಂಡ ಮಿದುಳುಗಳಿಗೆ ರಕ್ತವು ಸಾಲದೆ ಹೋಗುವುದೆಂದು ಎಚ್ಚರಗೊಳ್ಳುತ್ತಾರೆ. ಮೊದಲು ಸಂಜ್ಞಾಹರ ದ್ರವ್ಯವನ್ನು ತಗ್ಗಿಸುವರು. ನಾಡಿಯು ಮಂದವಾಗಿದ್ದರೆ ಸರಿಪಡಿಸುವರು. ತಕ್ಕುದಾದರೆ ಸಿರೆಯಲ್ಲಿ ದ್ರವವನ್ನೆರೆಯುವರು. ಸಾಲದಿದ್ದರೆ ಡೋಪಮೀನ್ ಮೊದಲಾದ ಔಷಧಗಳನ್ನು ಕೊಡುವರು. ಅಂದು ರಕ್ಷೆಯೆನಿಸಿದ ಇಳಿತವೇ ಇಂದು ಚಿಕಿತ್ಸೆಗೆ ವಿಷಯವಾಗಿದೆ.

ನಾಯಿಗಳು ಪ್ರಾಣವನ್ನು ತೆತ್ತು ಬರೆದ ಆ ರೇಖೆಗಳು ಸುಳ್ಳನ್ನು ಹೇಳಲಿಲ್ಲ. ಓದಿದವರು ತಮ್ಮ ಗುರುವಿನ ಮತವನ್ನು ಮೊದಲೇ ಓದಿಕೊಂಡಿದ್ದರು. ಪ್ರಾಚೀನ ಗ್ರಂಥಗಳ ಅರ್ಥವನ್ನು ನಿರ್ಣಯಿಸುವ ನಾವೂ ಇದನ್ನು ಮರೆಯಬಾರದು.