ಸ್ಟೆಪ್ನಿ ಹೋಯಿತು, ಟೈರು ಬೇರೆಯಾಯಿತು

ಬೈಕಿನ ಹಿಂದಿನ ಟೈರು ಸವೆದಾಗ ಕಲಬುರಗಿಯಲ್ಲಾಗಲಿ ನಾಸಿಕ್‌ನಲ್ಲಾಗಲಿ ಟೈರಂಗಡಿಯ ಮುಂದೆ ಏಳುವ ಪ್ರಶ್ನೆ ಒಂದೇ. ಮುಂದಿರುವುದು ಒಂದು ಕಂಪನಿಯದು, ಹಿಂದೆ ಹಾಕುವುದು ಇನ್ನೊಂದರದು, ಇದು ಸರಿಹೋಗುತ್ತದೆಯೇ? ಎರಡೂ ಒಂದೇ ನಮೂನೆಯವು ಇರಬೇಡವೇ? ಇದಕ್ಕೆ ಎರಡು ಬಗೆಯ ಉತ್ತರಗಳು ಚಾಲ್ತಿಯಲ್ಲಿವೆ. ಎರಡೂ ತದ್ವತ್ ಇರಲೇಬೇಕು ಎನ್ನುವವರು ಒಂದು ಕಡೆ, ರಿಮ್ಮಿಗೆ ಕೂತರೆ ಯಾವುದಾದರೂ ನಡೆಯುತ್ತದೆ ಎನ್ನುವವರು ಇನ್ನೊಂದು ಕಡೆ. ನನ್ನ ವಾದ ಇಷ್ಟು: ಎರಡು ಟೈರು ತದ್ವತ್ ಇರಬೇಕೆಂಬ ನಂಬಿಕೆ ಸುರಕ್ಷತೆಯ ವಿಚಾರದಿಂದ ಹುಟ್ಟಿದ್ದಲ್ಲ, ಸ್ಕೂಟರಿನ ಸ್ಟೆಪ್ನಿಯಿಂದ, ಅಂದರೆ ಅದರ ಬದಲಿ ಗಾಲಿಯಿಂದ ಹುಟ್ಟಿದ್ದು. ಮುಂದಿನ ಮತ್ತು ಹಿಂದಿನ ಗಾಲಿಗೆ ಬೇರೆ ಬೇರೆ ಕೆಲಸವಿದೆ, ಆದ್ದರಿಂದ ಬೇರೆ ಟೈರು ಬೇಕು ಎಂಬುದು ನಮ್ಮ ಬೀದಿಗಳಿಗೆ ತಡವಾಗಿ ಬಂತು. ಅದನ್ನು ಮನೆಮನೆಗೆ ತಂದ ಕಾರ್ಖಾನೆಗಳಲ್ಲಿ ಮುಖ್ಯವಾದದ್ದೊಂದು, ಹಿಂದೆ ಔರಂಗಾಬಾದ್ ಎನಿಸಿಕೊಂಡಿದ್ದ ಛತ್ರಪತಿ ಸಂಭಾಜಿನಗರದ ಪಕ್ಕದ ವಾಳೂಜ್‌ನಲ್ಲಿದೆ.

ಮೊದಲು ಸ್ಟೆಪ್ನಿಯ ಕಾಲವನ್ನು ನೋಡೋಣ. 1946ರಲ್ಲಿ ಇಟಲಿಯ ಪಿಯಾಜಿಯೊ ಕಂಪನಿ ವೆಸ್ಪಾ ಸ್ಕೂಟರನ್ನು ಹೊರತಂದಾಗ ಅದನ್ನು ರೂಪಿಸಿದವರು ಕೊರಾದಿನೊ ದಸ್ಕಾನಿಯೊ ಎಂಬ ವಿಮಾನ ಎಂಜಿನಿಯರ್. ವಿಮಾನದ ಗಾಲಿಯ ಹಾಗೆ ಸ್ಕೂಟರಿನ ಗಾಲಿಯನ್ನೂ ಅವರು ಒಂದೇ ಬದಿಯಿಂದ ಹಿಡಿದು ನಿಲ್ಲಿಸಿದರು. ಇದರಿಂದ ನಾಲ್ಕೈದು ನಟ್ಟು ಬಿಚ್ಚಿದರೆ ಗಾಲಿ ಕೈಗೆ ಬರುತ್ತಿತ್ತು. ಚೈನು ಕಳಚುವ ಗೋಜಿಲ್ಲ, ಕೈಗೆ ಗ್ರೀಸು ಮೆತ್ತುವುದೂ ಇಲ್ಲ. ಮುಂದಿನ ಗಾಲಿ, ಹಿಂದಿನ ಗಾಲಿ, ಸ್ಟೆಪ್ನಿ ಮೂರೂ ಒಂದೇ ಆಗಿದ್ದರೆ ಮಾತ್ರ ಈ ಉಪಾಯಕ್ಕೆ ಅರ್ಥ. 1960ರ ಹೊತ್ತಿಗೆ ಬಜಾಜ್ ಆಟೊ ಪಿಯಾಜಿಯೊದ ಪರವಾನಗಿಯಲ್ಲಿ ಇಲ್ಲಿಯೇ ಸ್ಕೂಟರು ಮಾಡಲು ಹೊರಟಿತು. 1971ರಲ್ಲಿ ಆ ಒಪ್ಪಂದ ಮುಗಿದು, 1972ರಲ್ಲಿ ಚೇತಕ್ ಬಂತು. ಚೇತಕ್‌ನ ಮೂರು ಗಾಲಿಗೂ 3.50-10 ಎಂಬ ಒಂದೇ ಅಳತೆ. ಪರವಾನಗಿ ರಾಜ್ಯದ ಆ ದಿನಗಳಲ್ಲಿ ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು; ಅಷ್ಟು ಕಾದು ಪಡೆದದ್ದರ ಟೈರನ್ನೂ ಜನ ಬಹಳ ಜೋಪಾನ ಮಾಡುತ್ತಿದ್ದರು. ಎಂಜಿನ್ನಿನ ಭಾರವೂ ಹಿಂದಿನ ಸವಾರನ ಭಾರವೂ ಬೀಳುವುದು ಹಿಂದಿನ ಗಾಲಿಯ ಮೇಲೆ, ಆದ್ದರಿಂದ ಅದು ಬೇಗ ನುಣ್ಣಗಾಗುತ್ತಿತ್ತು. ಆಗ ಸ್ಟೆಪ್ನಿ ಹಿಂದಕ್ಕೆ, ಹಿಂದಿನದು ಮುಂದಕ್ಕೆ, ಮುಂದಿನದು ಸ್ಟೆಪ್ನಿಯ ಜಾಗಕ್ಕೆ. ಮೂರು ಟೈರು ಸಮನಾಗಿ ಸವೆದರೆ ಸಂಸಾರ ಉಳಿತಾಯದಲ್ಲಿ ನಡೆದ ಹಾಗೆ. ಎರಡು ತಲೆಮಾರು ಇದನ್ನೇ ಕಲಿತವು. ಟೈರು ಎಂದರೆ ಅದಲು ಬದಲು ಮಾಡಬಹುದಾದ ವಸ್ತು ಎಂಬುದು ಆ ಕಾಲದ ಪಾಠ.

ಆಗಲೂ ಮೋಟರ್‌ಸೈಕಲ್ಲುಗಳು ಇದ್ದವಲ್ಲ, ಅವುಗಳಿಗೆ ಸ್ಟೆಪ್ನಿ ಇರಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ 250ರ ಎರಡು ಗಾಲಿಗೂ 3.25-16. ಮದರಾಸಿನ ತಿರುವೊತ್ತಿಯೂರಿನಲ್ಲಿ ತಯಾರಾಗುತ್ತಿದ್ದ ಬುಲೆಟ್‌ನ ಎರಡು ಗಾಲಿಗೂ 3.25-19. ಹಾಗಾದರೆ ಸ್ಟೆಪ್ನಿಯನ್ನು ಕಾರಣ ಮಾಡುವುದು ಹೇಗೆ? ಇಲ್ಲಿ ಅಳತೆ ಒಂದೇ ಇದ್ದರೂ ಟೈರಿನ ಮೈ ಒಂದೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಬುಲೆಟ್ಟಿನ ಮುಂದಿನ ಟೈರಿನ ಮೇಲೆ ಸುತ್ತಲೂ ಉದ್ದಕ್ಕೆ ಓಡುವ ಗೀರುಗಳು, ಹಿಂದಿನದರ ಮೇಲೆ ಕತ್ತರಿಸಿದ ಗಟ್ಟಿಗಳು. ಉದ್ದ ಗೀರಿನ ಟೈರು ದಿಕ್ಕನ್ನು ಹಿಡಿದಿಡುತ್ತದೆ, ಅಡ್ಡಕ್ಕೆ ಜಾರದಂತೆ ನೋಡಿಕೊಳ್ಳುತ್ತದೆ. ಗಟ್ಟಿಗಳ ಟೈರು ನೆಲವನ್ನು ಕಚ್ಚಿ ಗಾಡಿಯನ್ನು ತಳ್ಳುತ್ತದೆ. ಬ್ರಿಟನ್ನಿನ ಬೈಕು ತಯಾರಕರು ಇದನ್ನು ಎಂದೋ ಅರಿತಿದ್ದರು, ಆ ಅರಿವು ಬುಲೆಟ್ಟಿನ ಜೊತೆಗೇ ಇಲ್ಲಿಗೆ ಬಂದಿತ್ತು. ಅಳತೆ ಒಂದೇ ಇದ್ದುದರ ಲಾಭ ಬೇರೆಯೇ: ಅಂಗಡಿಯವರು ಒಂದೇ ಅಳತೆಯ ಟೈರು ಟ್ಯೂಬು ತಂದಿಟ್ಟರೆ ಸಾಕಾಗುತ್ತಿತ್ತು. ಆದರೆ ಬುಲೆಟ್ ಮತ್ತು ಜಾವಾ ಊರಿಗೆ ಕೆಲವರ ಗಾಡಿಗಳು. ಸ್ಕೂಟರು ಬೀದಿಗೆಲ್ಲ ಸೇರಿದ್ದು. ಜನರ ರೂಢಿಯನ್ನು ರೂಪಿಸಿದ್ದು ಸ್ಕೂಟರು. ಮೈಸೂರಿನಲ್ಲೇ ಡನ್ಲಪ್ ಹೆಸರಿನಲ್ಲಿ ದ್ವಿಚಕ್ರ ವಾಹನಗಳ ಟೈರು ಮಾಡುತ್ತಿದ್ದ ಫಾಲ್ಕನ್ ಟೈರ್ಸ್ ಕೂಡ ದುಡಿದದ್ದು ಈ ಎರಡೂ ಬಗೆಯ ಗಿರಾಕಿಗಳಿಗೆ. ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು, ಫಾಲ್ಕನ್ ಕೂಡ ಈಗ ಇಲ್ಲ.

ಇನ್ನು ವಾಳೂಜ್. ಮರಾಠವಾಡ ನಮಗೆ ಹೊರಗಿನ ನಾಡಲ್ಲ. 1956ರವರೆಗೆ ಔರಂಗಾಬಾದು, ಬೀದರು, ಕಲಬುರಗಿ, ರಾಯಚೂರು ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅದಕ್ಕೂ ಹಿಂದೆ, ಅಲ್ಲಿಗೆ ಹತ್ತಿರದ ಎಲ್ಲೋರದ ಕೈಲಾಸ ದೇವಾಲಯವನ್ನು ಕಡೆಸಿದವನು ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ. ಹಿಂದುಳಿದ ಸೀಮೆ ಎಂದು ಹೆಸರಾದ ಈ ಕಡೆಗೆ ಉದ್ಯಮಗಳನ್ನು ಕರೆತರಲು ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ ಜಮೀನು ಸಜ್ಜುಗೊಳಿಸಿತು, 1985ರಲ್ಲಿ ಬಜಾಜ್‌ನ ವಾಳೂಜ್ ಕಾರ್ಖಾನೆ ಶುರುವಾಯಿತು. ಅದರ ಬೆನ್ನಿಗೇ ಬಿಡಿಭಾಗಗಳ ಉದ್ಯಮಗಳು ಬೆಳೆದವು: 1985ರಲ್ಲಿ ಎಂಡ್ಯೂರೆನ್ಸ್, 1990ರಲ್ಲಿ ವ್ಯಾರಾಕ್. ಆಚೆ ನಾಸಿಕ್‌ನ ಸಾತ್ಪುರ ಕೈಗಾರಿಕಾ ವಸಾಹತಿನಲ್ಲಿ ಸಿಯೆಟ್‌ನ ಟೈರು ಕಾರ್ಖಾನೆ. ಸಿಯೆಟ್ ಕೂಡ ಇಟಲಿಯ ಮೂಲದ್ದೇ. 1924ರಲ್ಲಿ ತುರಿನ್‌ನಲ್ಲಿ ಹುಟ್ಟಿ, 1958ರಲ್ಲಿ ಭಾರತಕ್ಕೆ ಬಂದು, 1982ರಲ್ಲಿ ಆರ್‌ಪಿಜಿ ಸಮೂಹದ ಪಾಲಾಯಿತು. ಸ್ಕೂಟರಿನ ವಿನ್ಯಾಸ ಕೊಟ್ಟ ನಾಡೇ ಟೈರಿನ ಹೆಸರನ್ನೂ ಕೊಟ್ಟಿತ್ತು. ಆದರೆ ವಾಳೂಜ್ ಶುರುವಾದ ಹೊತ್ತು ಜಪಾನಿನ ಹೊತ್ತು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೊ ಹೋಂಡಾ ಸಿಡಿ 100 ಮತ್ತು ಯಮಾಹಾ ಆರ್‌ಎಕ್ಸ್ 100, 1986ರಲ್ಲಿ ಕವಾಸಾಕಿಯ ಜೊತೆ ಬಜಾಜ್‌ನ ಕೆಬಿ 100. ಇವು ಬೇರೆ ಲೆಕ್ಕದ ಗಾಡಿಗಳು. ಆರ್‌ಎಕ್ಸ್ 100ರ ಮುಂದೆ 2.50-18, ಹಿಂದೆ 2.75-18. ಮುಂದಿನ ಗಾಲಿಯಲ್ಲಿ ಬ್ರೇಕು ಮತ್ತು ಸ್ಪೀಡೋಮೀಟರಿನ ಹಲ್ಲು, ಹಿಂದಿನದರಲ್ಲಿ ಚೈನಿನ ಚಕ್ರ. ಒಂದರ ಜಾಗಕ್ಕೆ ಇನ್ನೊಂದು ಹೋಗುವಂತಿಲ್ಲ, ಆದ್ದರಿಂದ ಸ್ಟೆಪ್ನಿಗೂ ಅರ್ಥವಿಲ್ಲ. ಸ್ಟೆಪ್ನಿ ಹೋದೊಡನೆ ಎರಡು ಟೈರು ಒಂದೇ ಇರಬೇಕಾದ ಕಾರಣವೂ ಹೋಯಿತು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ದೇಶದಲ್ಲಿ ಸ್ಕೂಟರಿಗಿಂತ ಬೈಕು ಹೆಚ್ಚು ಮಾರಾಟವಾಗತೊಡಗಿತ್ತು. ಬಜಾಜ್‌ನ ಸಿಟಿ 100ರಲ್ಲಿ ಮುಂದೆ 2.75-17, ಹಿಂದೆ 3.00-17. ನಾಸಿಕ್‌ನ ದ್ರಾಕ್ಷಿ ತೋಟದವರೂ ಲಾಸಲಗಾಂವ್‌ನ ಈರುಳ್ಳಿ ರೈತರೂ ಇಂಥ ಗಾಡಿಗಳ ಹಿಂದೆ ಹಾಲಿನ ಕ್ಯಾನು, ಗೊಬ್ಬರದ ಚೀಲ ಕಟ್ಟಿ ಓಡಾಡಿದರು. ಭಾರವೆಲ್ಲ ಹಿಂದೆ. ಹಿಂದಿನ ಟೈರು ದಪ್ಪವಾಗಬೇಕಾಗಿದ್ದು ಸಹಜ.

ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವುದನ್ನು ಓದಿದರೆ ಈ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 1994ರಿಂದ ಮಾರಾಟದಲ್ಲಿರುವ ಸ್ಪ್ಲೆಂಡರ್ ಬೈಕನ್ನು ತೆಗೆದುಕೊಳ್ಳಿ. ಬಹುಕಾಲ ಅದಕ್ಕೆ ಮುಂದೆಯೂ 2.75-18, ಹಿಂದೆಯೂ 2.75-18 ಬರುತ್ತಿತ್ತು. ಅಳತೆ ನೋಡಿ ಎರಡೂ ಒಂದೇ ಎಂದು ಅಂಗಡಿಯವರೇ ಹೇಳುವುದುಂಟು. ಆದರೆ ಮುಂದಿನದರ ಮೇಲೆ 4ಪಿಆರ್, 42ಪಿ ಎಂದಿದ್ದರೆ ಹಿಂದಿನದರ ಮೇಲೆ 6ಪಿಆರ್, 48ಪಿ. ಪಿಆರ್ ಎಂಬುದು ಟೈರಿನ ಒಳಪದರಗಳ ಬಲವನ್ನು ಹೇಳುವ ಸಂಖ್ಯೆ. 42 ಎಂದರೆ 150 ಕಿಲೋ ಹೊರಬಲ್ಲದು, 48 ಎಂದರೆ 180 ಕಿಲೋ. ಪಿ ಅಕ್ಷರ ಗಂಟೆಗೆ 150 ಕಿಲೋಮೀಟರ್ ವೇಗದ ಮಿತಿ. ಒಂದೇ ಅಳತೆಯ ಎರಡು ಟೈರುಗಳ ನಡುವೆ 30 ಕಿಲೋ ಅಂತರ. ಇನ್ನೊಂದು ಗುರುತು ಬಾಣದ್ದು. ಮುಂದೆ ಹಿಂದೆ ಎರಡಕ್ಕೂ ಬಳಸಬಹುದಾದ ಕೆಲವು ಟೈರುಗಳ ಮೇಲೆ ಎರಡು ಬಾಣಗಳಿರುತ್ತವೆ, ಒಂದು ಮುಂದಿನ ಗಾಲಿಗೆ, ಇನ್ನೊಂದು ಹಿಂದಿನದಕ್ಕೆ. ಎರಡೂ ಎದುರು ದಿಕ್ಕು ತೋರಿಸುತ್ತವೆ. ಟೈರಿನ ಮೇಲ್ಮೈ ರಬ್ಬರನ್ನು ಪಟ್ಟಿಯಾಗಿ ಸುತ್ತಿ, ತುದಿಗಳನ್ನು ಓರೆಯಾಗಿ ಕತ್ತರಿಸಿ ಬೆಸೆದಿರುತ್ತಾರೆ. ಹಿಂದಿನ ಗಾಲಿಯ ಮೇಲೆ ಎಂಜಿನ್ನಿನ ಎಳೆತ ಹೆಚ್ಚು, ಮುಂದಿನದರ ಮೇಲೆ ಬ್ರೇಕಿನ ತಡೆ ಹೆಚ್ಚು, ಈ ಎರಡು ಬಲಗಳ ದಿಕ್ಕು ಪರಸ್ಪರ ಎದುರು. ಬೆಸುಗೆ ಬಿಚ್ಚದಂತೆ ಇರಬೇಕಾದರೆ ಟೈರನ್ನು ತಿರುಗಿಸಿಯೇ ಹಾಕಬೇಕು. ಎಡಕ್ಕೆ ಪಳಗಿದ ಎತ್ತನ್ನು ರೈತ ಬಲಕ್ಕೆ ಹೂಡದ ಹಾಗೆ, ಒಂದೇ ಅಚ್ಚಿನಲ್ಲಿ ಹುಟ್ಟಿದ ಟೈರಿಗೂ ಮುಂದಿನ ಬಾಳು ಬೇರೆ, ಹಿಂದಿನ ಬಾಳು ಬೇರೆ.

2001ರಲ್ಲಿ ಬಜಾಜ್‌ನ ಪಲ್ಸರ್ ಬಂದಾಗ ಈ ಬೇರೆತನ ಕಣ್ಣಿಗೆ ಹೊಡೆಯುವ ಹಾಗಾಯಿತು. ಮುಂದೆ 2.75-18, ಹಿಂದೆ 100/90-18. ಅಂದರೆ ಹಿಂದಿನದು 100 ಮಿಲಿಮೀಟರ್ ಅಗಲ, ಅದರ ಶೇಕಡಾ 90ರಷ್ಟು ಎತ್ತರ. 2007ರ ಪಲ್ಸರ್ 200ರಲ್ಲಿ ಮುಂದೆ 90/90-17, ಹಿಂದೆ 120/80-17, ಎರಡೂ ಟ್ಯೂಬ್‌ಲೆಸ್. ಇಲ್ಲಿಂದ ಮುಂದಕ್ಕೆ ದಪ್ಪ ಟೈರು ಕೆಲಸದ ಜೊತೆಗೆ ಅಂದವೂ ಆಯಿತು, ನನ್ನ ಮಟ್ಟಿಗೆ ತೊಂದರೆ ಶುರುವಾದದ್ದೂ ಇಲ್ಲಿಯೇ. 100 ಅಗಲದ ಟೈರಿಗೆಂದು ಮಾಡಿದ ರಿಮ್ಮಿಗೆ 120ರದ್ದನ್ನು ಬಲವಂತವಾಗಿ ಏರಿಸಿದರೆ ಅದರ ಬದಿಗಳು ಒಳಕ್ಕೆ ಹಿಸುಕಿಕೊಂಡು ನಡು ಮೇಲೇಳುತ್ತದೆ. ನೇರ ಹೋಗುವಾಗ ನೆಲ ಮುಟ್ಟುವ ಭಾಗ ಅಗಲವಾಗುವ ಬದಲು ಕಿರಿದಾಗುತ್ತದೆ, ವಾಲಿಸಿದಾಗ ಗಾಡಿ ಒಮ್ಮೆಗೇ ಬೀಳುವಂತೆ ತಿರುಗುತ್ತದೆ, ಕೆಲವು ಗಾಡಿಗಳಲ್ಲಿ ಚೈನು ಟೈರಿಗೆ ತಾಗುತ್ತದೆ. ಮರಾಠವಾಡದ್ದೂ ನಮ್ಮ ವಿಜಯಪುರದ್ದೂ ಎರೆ ನೆಲ. ಮಳೆಗಾಲದಲ್ಲಿ ಎರೆಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬಿಗಿದುಕೊಂಡು ಗಾಲಿಯನ್ನೇ ನಿಲ್ಲಿಸುತ್ತದೆ. ಅಲ್ಲಿ ಜಾಗ ಕಡಿಮೆಯಾದಷ್ಟೂ ಕಷ್ಟ ಹೆಚ್ಚು. ರಿಮ್ಮಿಗೆ ಕೂತರೆ ನಡೆಯುತ್ತದೆ ಎನ್ನುವವರಿಗೆ ಇಷ್ಟು ಸಾಕು.

ಈಗ ಇನ್ನೊಂದು ಕಡೆಯವರ ಮಾತು. ಗಾಡಿ ಮಾಡಿದ ಕಂಪನಿ ಎರಡು ಟೈರನ್ನು ಜೋಡಿಯಾಗಿ ಪರೀಕ್ಷಿಸಿರುತ್ತದೆ, ಆ ಜೋಡಿಯನ್ನು ಮುರಿಯಬಾರದು ಎನ್ನುತ್ತಾರೆ ಅವರು. ವೇಗದ, ಭಾರೀ ಎಂಜಿನ್ನಿನ ಬೈಕುಗಳ ಮಟ್ಟಿಗೆ ಈ ಮಾತಿಗೆ ತೂಕವಿದೆ. ಅಲ್ಲಿ ಎರಡು ಟೈರುಗಳ ಉಬ್ಬು, ರಬ್ಬರಿನ ಮೃದುತ್ವ ಒಂದಕ್ಕೊಂದು ಹೊಂದದಿದ್ದರೆ ತಿರುವಿನಲ್ಲಿ ಗೊತ್ತಾಗುತ್ತದೆ. ಆದರೆ ಜೋಡಿ ಎಂದರೆ ತದ್ವತ್ ಎಂದಲ್ಲ. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ಕ್ಕೆ ಕಾರ್ಖಾನೆಯಿಂದಲೇ ಮುಂದೆ 100/90-18, ಹಿಂದೆ 130/70 ಆರ್18 ಬರುತ್ತದೆ. ಹಿಂದಿನದರ ಆರ್ ಅಕ್ಷರ ರೇಡಿಯಲ್ ಕಟ್ಟನ್ನು ಸೂಚಿಸುತ್ತದೆ, ಮುಂದಿನದಕ್ಕೆ ಅದು ಇಲ್ಲ. ಒಳಗಿನ ಕಟ್ಟಡವೇ ಬೇರೆಯಾದರೂ ಜೋಡಿ ಜೋಡಿಯೇ. ಇದನ್ನು ತಿರುವುಮುರುವು ಮಾಡಿ ಮುಂದೆ ರೇಡಿಯಲ್, ಹಿಂದೆ ಹಳೆ ಕಟ್ಟಿನದು ಹಾಕುವುದನ್ನು ಮಾತ್ರ ತಯಾರಕರು ಒಪ್ಪುವುದಿಲ್ಲ. ನೂರು ಸಿಸಿಯ ದಿನಬಳಕೆಯ ಗಾಡಿಗೆ ಕಂಪನಿಯ ಹೆಸರು ಮುಖ್ಯವಲ್ಲ. ದ್ವಿಚಕ್ರ, ತ್ರಿಚಕ್ರ ವಾಹನಗಳ ಟೈರಿಗೆ ಭಾರತೀಯ ಮಾನಕ ಐಎಸ್ 15627 ಇದೆ. ಅಳತೆ ಮತ್ತು ಪ್ಲೈ ಬಗ್ಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಪ್ರತ್ಯೇಕ ನಿಯಮವೇ ಇದೆ. ಎರಡು ಹೆಸರು ಬೆರೆಸಬೇಕಾಗಿ ಬಂದರೆ ಹೆಚ್ಚು ಹಿಡಿತದ ಟೈರು ಮುಂದಿರಲಿ. ಹಿಂದಿನ ಗಾಲಿ ಜಾರಿದರೆ ಸವಾರನಿಗೆ ಸಾವರಿಸಿಕೊಳ್ಳಲು ಒಂದಿಷ್ಟು ಹೊತ್ತಾದರೂ ಸಿಗುತ್ತದೆ. ಮುಂದಿನದು ಜಾರಿದರೆ ಅದೂ ಸಿಗುವುದಿಲ್ಲ.

ಕೊನೆಯ ಆಕ್ಷೇಪ ನನ್ನ ವಾದದ ಬುಡಕ್ಕೇ ಬರುವಂಥದ್ದು. ಸ್ಟೆಪ್ನಿಯೇ ಕಾರಣವಾಗಿದ್ದರೆ, ಸ್ಟೆಪ್ನಿ ಇಲ್ಲದೆ 2001ರಲ್ಲಿ ಬಂದ ಹೋಂಡಾ ಆಕ್ಟಿವಾ ಎರಡು ಗಾಲಿಗೂ 3.50-10 ಯಾಕೆ ಇಟ್ಟುಕೊಂಡಿತು? ರೂಢಿಯ ಬಲ ಎಂಬುದೇ ಇದಕ್ಕೆ ಉತ್ತರ. ಊರೂರಿನ ಅಂಗಡಿಯಲ್ಲಿ 3.50-10 ತುಂಬಿತ್ತು, ಗಿರಾಕಿಗೆ ಅದು ಪರಿಚಿತ, ಬೆಲೆಯೂ ಕಡಿಮೆ. ಕಾರಣ ಹೋದ ಮೇಲೂ ರೂಢಿ ಸ್ವಲ್ಪ ಕಾಲ ನಿಲ್ಲುತ್ತದೆ. ಕಡೆಗೆ ಅದೂ ಸರಿಯಿತು. 2020ರ ಆಕ್ಟಿವಾ 6ಜಿಯಲ್ಲಿ ಮುಂದಿನ ಗಾಲಿ 12 ಇಂಚು, ಹಿಂದಿನದು 10 ಇಂಚು. ಗುಂಡಿಯನ್ನು ಮೊದಲು ಎದುರಿಸುವುದು ಮುಂದಿನ ಗಾಲಿ, ಅದು ದೊಡ್ಡದಾದಷ್ಟೂ ಸುಲಭವಾಗಿ ಹತ್ತಿ ಇಳಿಯುತ್ತದೆ. ಅದೇ ವರ್ಷ ಬಜಾಜ್ ತನ್ನ ಚೇತಕ್ ಹೆಸರನ್ನು ವಿದ್ಯುತ್ ಸ್ಕೂಟರಾಗಿ ಮತ್ತೆ ತಂದಿತು. ಅದಕ್ಕೂ ಸ್ಟೆಪ್ನಿ ಇಲ್ಲ, ಮುಂದಿನ ಹಿಂದಿನ ಟೈರುಗಳ ಅಳತೆಯೂ ಒಂದಲ್ಲ.

ಇನ್ನು ಮೇಲೆ ಟೈರು ಬದಲಿಸಲು ಹೋದಾಗ ಕಂಪನಿಯ ಹೆಸರು ಕೇಳುವ ಮೊದಲು ಗಾಡಿಯ ಪುಸ್ತಕದಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ಪ್ರತ್ಯೇಕವಾಗಿ ಬರೆದಿರುವ ಅಂಕಿಗಳನ್ನು ನೋಡಿಕೊಳ್ಳಿ. 48ಪಿ ಇರಬೇಕಾದ ಕಡೆ ಅಂಗಡಿಯವರು 42ಪಿ ಏರಿಸಿದ್ದರೆ, ಬಾಣ ತಿರುಗುಮುರುಗಾಗಿದ್ದರೆ, ಹಣ ಕೊಡುವ ಮುನ್ನವೇ ಬಿಚ್ಚಿಸಿ ಸರಿಯಾಗಿ ಹಾಕಿಸಿಕೊಳ್ಳಿ.